ಚಕ್ಕಡಿಯೊಳಗೆ ಇಂಗ್ಲೆಂಡಿನ ಜಗಳ

೧೯೭೫ರ ಮಾತು. ನಮ್ಮೂರ ಗುಡಿಯ ಪೂಜೆಗೆಂದು ನವಲಗುಂದದಿಂದ ಚಕ್ಕಡಿಯಲ್ಲಿ ಹೊರಟಿದ್ದೆ. ಒಂದು ಎತ್ತು ಶಿವಪ್ಪನದು, ಇನ್ನೊಂದು ಹುಸೇನಸಾಬನದು. ಇಬ್ಬರೂ ಕೂಡಿಯೇ ಹೂಡುವವರು. ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಇಂಗ್ಲೆಂಡಿನವರು ಓಟು ಹಾಕುತ್ತಾರಂತೆ ಎಂಬ ರೇಡಿಯೋ ಸುದ್ದಿಯನ್ನು ನಾನೇ ಹೇಳಿ ಕೆಟ್ಟೆ.

"ಬಿಡಬೇಕ್ರಿ! ಮಂದಿ ಹಂಗಿನಾಗ ಯಾಕ ಇರಬೇಕು?" ಎಂದ ಶಿವಪ್ಪ.

"ಒಂಟಿ ಎತ್ತಿಲೆ ರಂಟಿ ಹೊಡದು ಹೊಲ ಉಳಾಕ ಆಗ್ತೈತೇನಲೇ?" ಎಂದ ಹುಸೇನಸಾಬ.

"ಹೊಡದು ತೋರಸ್ತೀನಿ ತಗೋ!" ಎನ್ನುತ್ತ ಶಿವಪ್ಪ ಇಳಿದು, ನಡುದಾರಿಯಲ್ಲೇ ತನ್ನೆತ್ತು ಬಿಚ್ಚಿದ.

ಪೂಜೆ ಮುಗಿಯುವತನಕ ನೀರೂ ಕುಡಿಯದ ಪೂಜಾರಿ ನಾನು; ಹೊತ್ತು ಮೀರಿತಲ್ಲ ಎಂದು "ಶಿವಶಿವಾ" ಎಂದು ಕಣ್ಣು ಮುಚ್ಚಿದೆ. ಎಷ್ಟು ಜಗ್ಗಿದರೂ ಆ ಎತ್ತು ತನ್ನ ಜೋಡಿಯ ಬಾಜು ಬಿಟ್ಟು ಕದಲಲಿಲ್ಲ.

"ಇದಕ್ಕ ರಾಜಕೀಯ ತಿಳಿಯಂಗಿಲ್ರಿ" ಎಂದು ಗೊಣಗುತ್ತ ಶಿವಪ್ಪ ಮತ್ತೆ ನೊಗಕ್ಕೆ ಕಟ್ಟಿದ.

ಇಂಗ್ಲೆಂಡಿನವರೂ ಇರುತ್ತೇವೆಂದೇ ಓಟು ಹಾಕಿದರೆಂದು ಆಮೇಲೆ ಕೇಳಿದೆ. ಅವರಿಗೂ ಬಸವಣ್ಣನೇ ಬುದ್ಧಿ ಕೊಟ್ಟಿರಬೇಕು.