ಗ್ಲೆನಿಸ್ ಕ್ರಾಬ್‌ಟ್ರೀಯ ಎರಡು ಚೊಚ್ಚಲ ಕಾದಂಬರಿಗಳು

ಗ್ಲೆನಿಸ್ ಕ್ರಾಬ್‌ಟ್ರೀ ಬರೆಯಲು ಶುರುಮಾಡಿದ್ದು ಬಸ್ಸಿನಲ್ಲಿ. ಉತ್ತರ ಇಂಗ್ಲೆಂಡಿನ ಅವಳ ಊರು ಕ್ರಾಗ್‌ಡೆನ್‌ನಿಂದ ಬ್ರಾಡ್‌ಫರ್ಡಿಗೆ ಮುಕ್ಕಾಲು ಗಂಟೆಯ ದಾರಿ. ಅಲ್ಲೊಂದು ವಿಮಾ ಕಚೇರಿಯಲ್ಲಿ ಅವಳದು ಟೈಪಿಂಗ್ ಕೆಲಸ. ಬಸ್ಸಿನ ಮೇಲಿನ ಮಹಡಿಯ ಮುಂದಿನ ಸೀಟು, ಮಡಿಲಲ್ಲಿ ಗೆರೆ ಹಾಕಿದ ನೋಟುಪುಸ್ತಕ. ಅಪ್ಪ ಅಮ್ಮ ಇಬ್ಬರೂ ಉಣ್ಣೆ ಗಿರಣಿಯಲ್ಲಿ ದುಡಿದವರು. ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಅಲ್ಲಿನ ಹೆಂಗಸರು ಬರೀ ತುಟಿ ಆಡಿಸಿ ಊರ ಸುದ್ದಿಯನ್ನೆಲ್ಲ ಹಂಚಿಕೊಳ್ಳುತ್ತಿದ್ದರು. ಅಮ್ಮನಂತೂ ಮನೆಯಲ್ಲಿಯೂ ಯಾರದಾದರೂ ಗುಟ್ಟು ಬಂತೆಂದರೆ ದನಿ ನಿಲ್ಲಿಸಿ ತುಟಿಯಲ್ಲೇ ಹೇಳಿ ಮುಗಿಸುತ್ತಿದ್ದಳು. ಆ ಹೆಂಗಸರ ಬಗ್ಗೆ ಗ್ಲೆನಿಸ್ ಆರು ವರ್ಷ ಬರೆದಳು. ಅವಳ ಮೂವತ್ತನಾಲ್ಕನೇ ವಯಸ್ಸಿಗೆ ಆ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಯಿತು. ದೊಡ್ಡ ಪತ್ರಿಕೆಯೊಂದು ‘ಉತ್ತರದಿಂದ ಬಂದ ಭರವಸೆಯ ದನಿ’ ಎಂದು ಬರೆಯಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಟ್ರೆವರ್ ಆ ತುಣುಕನ್ನು ಕತ್ತರಿಸಿ ಡಿಪೋದ ಗೋಡೆಗೆ ಅಂಟಿಸಿ ಬಂದ.

ಆಮೇಲೆ ಇಪ್ಪತ್ತು ವರ್ಷ ಅವಳು ಭರವಸೆಯ ದನಿಯಾಗಿಯೇ ಉಳಿದಳು. ಒಟ್ಟು ಏಳು ಕಾದಂಬರಿ. ಯಾವುದನ್ನೂ ಯಾರೂ ಕೆಟ್ಟದ್ದೆನ್ನಲಿಲ್ಲ, ಆದರೆ ಪ್ರತಿಯೊಂದೂ ಹಿಂದಿನದಕ್ಕಿಂತ ಕಡಿಮೆ ಖರ್ಚಾಯಿತು. ಮೂರನೆಯದರ ಮುಖಪುಟದಲ್ಲಿ ಕಲ್ಲುಹಾಸಿನ ಬೀದಿಯಲ್ಲಿ ಹಳೇ ಕಾಲದ ಗಿರಣಿಯವಳಂತೆ ಶಾಲು ಹೊದ್ದು ನಿಂತ ಹೆಂಗಸನ್ನು ಹಾಕಿದ್ದರು.

“ನನ್ನ ಕಥೇಲಿ ಎಲ್ಲರೂ ಜೀನ್ಸ್ ಹಾಕ್ಕೊಂಡು ಓಡಾಡ್ತಾರಲ್ರೀ,” ಎಂದು ಫೋನಿನಲ್ಲಿ ಗ್ಲೆನಿಸ್ ಕೇಳಿದಳು.

“ಉತ್ತರದ ಕಥೆ ಅಂದ್ರೆ ಓದೋರು ಶಾಲು ಎದುರು ನೋಡ್ತಾರೆ,” ಎಂದರು ಪ್ರಕಾಶಕರು.

ಶಾಲು ನೋಡಿ ಕೊಂಡವರು ಒಳಗೆ ಶಾಲು ಸಿಗದೆ ಬೇಸರಪಟ್ಟರು. ಜೀನ್ಸ್ ಬೇಕಿದ್ದವರು ಪುಸ್ತಕವನ್ನು ಮುಟ್ಟಲೇ ಇಲ್ಲ. ಏಳನೆಯದಾದ ಮೇಲೆ ಆ ಪ್ರಕಾಶಕರು ಅವಳನ್ನು ಕೈಬಿಟ್ಟರು. ಮುಂದಿನ ಹಸ್ತಪ್ರತಿಯನ್ನು ಇನ್ನೊಬ್ಬ ಪ್ರಕಾಶಕರಿಗೆ ಕಳಿಸಿದಳು. ‘ಅಚ್ಚುಕಟ್ಟಾದ ಬರಹ, ಆದರೆ ತೀರಾ ಸಪ್ಪೆ’ ಎಂಬ ಎರಡು ಸಾಲಿನೊಂದಿಗೆ ಅದು ವಾಪಸು ಬಂತು. ಅದನ್ನು ಬೀರುವಿನಲ್ಲಿಟ್ಟು ಮತ್ತೊಂದು ಬರೆದಳು. ಅದನ್ನು ಓದಿದ, ಅವಳ ಪುಸ್ತಕಗಳನ್ನು ಪ್ರಕಾಶಕರಿಗೆ ಮಾರಿಕೊಡುವ ಏಜೆಂಟ್ ಹ್ಯಾರಿಯೆಟ್, ಲಂಡನ್ನಿಗೆ ಮಧ್ಯಾಹ್ನದ ಊಟಕ್ಕೆ ಕರೆದಳು.

“ಪುಸ್ತಕ ತುಂಬಾ ಚೆನ್ನಾಗಿದೆ ಗ್ಲೆನಿಸ್. ನೀವು ಬರೆದಿರೋದ್ರಲ್ಲೇ ಇದು ಮೇಲು. ತೊಂದ್ರೆ ಇರೋದು ಪುಸ್ತಕದಲ್ಲಲ್ಲ.”

“ಮತ್ತೆಲ್ಲಿ?”

“ನಿಮ್ಮ ಹೆಸರಲ್ಲಿ. ಅಂಗಡಿಯೋರು ಕಂಪ್ಯೂಟರಲ್ಲಿ ಹೆಸರು ಹೊಡೀತಾರೆ. ಹಿಂದಿನ ಪುಸ್ತಕ ಎಷ್ಟು ಹೋಯ್ತು ಅಂತ ಬರುತ್ತೆ. ಅದಕ್ಕಿಂತ ಕಡಿಮೆ ತರಿಸ್ತಾರೆ. ನೀವು ಇದುವರೆಗೂ ಏನೂ ಬರೀದೆ ಇದ್ದಿದ್ರೆ ಇದನ್ನ ಮಾರೋದು ನಂಗೆ ಸಲೀಸಾಗಿರ್ತಿತ್ತು.”

“ಅಂದ್ರೆ ಇಪ್ಪತ್ತು ವರ್ಷ ಕೈಕಟ್ಟಿ ಕೂತಿದ್ರೆ ವಾಸಿ ಇತ್ತು ಅಂತೀರಿ.”

“ನಾನು ಹಾಗೆ ಹೇಳಲಿಲ್ಲ,” ಎಂದು ಹ್ಯಾರಿಯೆಟ್ ನೀರು ಕುಡಿದಳು. ಹೇಳಿದ್ದು ಮಾತ್ರ ಹಾಗೆಯೇ.

ಹೊಸ ಹೆಸರನ್ನೂ ಹ್ಯಾರಿಯೆಟ್ಟೇ ತಂದಿದ್ದಳು: ಕ್ಲಿಯೊ ವೇನ್. ಫೋಟೊ ಹಾಕುವುದಿಲ್ಲ. ಎರಡನೇ ಪುಸ್ತಕ ಹೊರಬರುವ ತನಕ ಯಾರೊಂದಿಗೂ ಬಾಯಿ ಬಿಡುವಂತಿಲ್ಲ. ಹಿಂದೆ ಗ್ಲೆನಿಸಳ ಹಸ್ತಪ್ರತಿಯನ್ನು ಸಪ್ಪೆ ಎಂದಿದ್ದ ಪ್ರಕಾಶಕರೇ ಕ್ಲಿಯೊ ವೇನಳ ‘ಚೊಚ್ಚಲ ಕಾದಂಬರಿ’ಯನ್ನು ಖುಷಿಯಿಂದ ಕೊಂಡರು. ಹಿಂಬದಿಯಲ್ಲಿ ‘ಲೇಖಕಿ ಉತ್ತರ ಇಂಗ್ಲೆಂಡಿನಲ್ಲಿ ತಮ್ಮ ನಾಯಿಯೊಂದಿಗೆ ವಾಸಿಸುತ್ತಾರೆ’ ಎಂದು ಅಚ್ಚು ಹಾಕಿದರು. ಗ್ಲೆನಿಸಳ ಮನೆಯಲ್ಲಿ ನಾಯಿ ಇರಲಿಲ್ಲ.

“ನಾಯಿ ಅಂದ್ರೆ ನಾನೇ ತಾನೆ?” ಎಂದು ಟ್ರೆವರ್ ಕೇಳಿದ.

“ನಗಬೇಡ ನೀನು. ನಂಗೆ ಮೈಯೆಲ್ಲ ಉರೀತಿದೆ.”

ಪುಸ್ತಕ ಓಡಿತು. ರೈಲ್ವೆ ನಿಲ್ದಾಣದ ಅಂಗಡಿಗಳಲ್ಲಿ ರಾಶಿ ಬಿತ್ತು. ‘ಚೊಚ್ಚಲ ಕೃತಿಯಲ್ಲೇ ಇಂಥ ಪಳಗಿದ ಕೈ!’ ಎಂದು ಪತ್ರಿಕೆಗಳು ಬೆರಗಾದವು. ಒಂದು ಬುಧವಾರ ಮಧ್ಯಾಹ್ನ ಕ್ರಾಗ್‌ಡೆನ್ ಗ್ರಂಥಾಲಯದ ಓದುಗರ ಬಳಗವೂ ಅದನ್ನೇ ಚರ್ಚೆಗೆ ಎತ್ತಿಕೊಂಡಿತು. ಗ್ಲೆನಿಸ್ ಹದಿನೈದು ವರ್ಷಗಳಿಂದ ಆ ಬಳಗದಲ್ಲಿದ್ದಳು. ಟೀ ಬಿಸ್ಕತ್ತಿನ ನಡುವೆ ಮಾತು ತೆಗೆದವಳು ಬ್ರೆಂಡಾ, ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು.

“ಈ ಹುಡುಗಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಎಂಥಾ ಧೈರ್ಯ ನೋಡ್ರೇ! ಕೊನೇಲಿ ಅಕ್ಕ ತಂಗೀನ ಕ್ಷಮಿಸಿಬಿಡ್ತಾಳಲ್ಲ, ನಂಗೆ ಅಳು ತಡೆಯೋಕಾಗ್ಲಿಲ್ಲ.”

“ಕ್ಷಮಿಸಲ್ಲ ಕಣೇ,” ಎಂದಳು ಗ್ಲೆನಿಸ್. “ಬಾಗಿಲು ತೆಗೀತಾಳೆ ಅಷ್ಟೆ.”

“ಅಯ್ಯೋ, ನೀನು ಸರಿಯಾಗಿ ಓದಿಲ್ಲ ಬಿಡು.”

“ಮತ್ತೆಮತ್ತೆ ಓದಿದೀನಿ ಬ್ರೆಂಡಾ.”

“ಹಾಗಿದ್ರೂ ತಿಳಿದಿಲ್ಲ ನಿಂಗೆ. ಬೇಜಾರು ಮಾಡ್ಕೋಬೇಡ, ನೀನೂ ಬರೆಯೋಳು ಅಂತ ಹೇಳ್ತಿದೀನಿ. ಇಂಥ ಜಾಗ ಬಂದ್ರೆ ನೀನು ಎಳೆದೂ ಎಳೆದೂ ವಿವರಿಸ್ತೀಯ. ಇವಳನ್ನ ನೋಡಿ ಸ್ವಲ್ಪ ಕಲಿ.”

ಗ್ಲೆನಿಸ್ ಎರಡು ಬಿಸ್ಕತ್ತನ್ನು ಒಟ್ಟಿಗೆ ಬಾಯಿಗೆ ತುರುಕಿಕೊಂಡಳು. ಇಲ್ಲದಿದ್ದರೆ ಮಾತು ಹೊರಬಂದುಬಿಡುತ್ತಿತ್ತು.

ಪ್ರಕಾಶಕರು ಎರಡನೆಯ ಪುಸ್ತಕಕ್ಕೆ ಅವಸರ ಮಾಡಿದರು. ಗ್ಲೆನಿಸ್ ಬೀರು ತೆರೆದು, ಅವರೇ ತಿರಸ್ಕರಿಸಿದ್ದ ಹಸ್ತಪ್ರತಿಯನ್ನು ತೆಗೆದಳು. ಲೇಖಕಿಯ ಹೆಸರೊಂದನ್ನು ಮಾತ್ರ ಬದಲಿಸಿ, ಒಂದು ಅಲ್ಪವಿರಾಮವನ್ನೂ ಮುಟ್ಟದೆ ಕಳಿಸಿದಳು. ಸಿಕ್ಕಿಬೀಳಬೇಕೆಂದೇ ಅವಳ ಆಸೆ. ಹತ್ತು ದಿನಕ್ಕೆ ಉತ್ತರ ಬಂತು: ‘ಒಂದೇ ಪುಸ್ತಕದ ಅಂತರದಲ್ಲಿ ಲೇಖಕಿ ಎಷ್ಟು ಬೆಳೆದಿದ್ದಾರೆ!’ ಟ್ರೆವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಆ ಪುಸ್ತಕ ಬರುವುದಕ್ಕೆ ಎರಡು ವಾರವಿದ್ದಾಗ ಗ್ರಂಥಾಲಯಕ್ಕೆ ಹೋದಳು. ಬಾಗಿಲ ಬಳಿ ಅಗ್ಗದ ಮಾರಾಟದ ತಳ್ಳುಗಾಡಿ. ಅದರಲ್ಲಿ ಅವಳ ನಾಲ್ಕು ಕಾದಂಬರಿಗಳಿದ್ದವು. ಒಳಪುಟದಲ್ಲಿ ‘ತೆಗೆದುಹಾಕಲಾಗಿದೆ’ ಎಂಬ ಕೆಂಪು ಮುದ್ರೆ. ಮೊದಲ ಕಾದಂಬರಿಯೂ ಅವುಗಳ ನಡುವೆ ಇತ್ತು.

ಗ್ರಂಥಪಾಲಕಿ ಪೌಲಿನ್ ಓಡಿ ಬಂದಳು. “ನೀನು ಬರೋಷ್ಟರಲ್ಲಿ ಇದನ್ನ ಒಳಗೆ ತಳ್ಳಬೇಕು ಅಂದ್ಕೊಂಡಿದ್ದೆ ಗ್ಲೆನಿಸ್. ಮೂರು ವರ್ಷದಿಂದ ಯಾರೂ ಎತ್ಕೊಂಡಿಲ್ಲ. ನಂಗೇನು ಸಂತೋಷವೇ? ಕ್ಲಿಯೊ ವೇನ್ ಹೊಸ ಪುಸ್ತಕ ಆರು ಪ್ರತಿ ಬರ್ತಿದೆ, ಜಾಗ ಬೇಕಲ್ಲ.”

“ಪೌಲಿನ್, ಕ್ಲಿಯೊ ವೇನ್ ನಾನೇ.”

ಪೌಲಿನ್ ಅವಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ತೋಳು ಹಿಡಿದಳು. “ಬಾ, ಕೂತ್ಕೋ. ಟೀ ಮಾಡ್ತೀನಿ. ಟ್ರೆವರ್‌ಗೆ ಫೋನ್ ಮಾಡ್ಲಾ?”

“ತಲೆ ಕೆಟ್ಟಿಲ್ಲ ನಂಗೆ!” ಓದುತ್ತಿದ್ದ ಮುದುಕರಿಬ್ಬರು ತಲೆಯೆತ್ತಿದರು. ಗ್ಲೆನಿಸ್ ಫೋನು ತೆಗೆದು ಹ್ಯಾರಿಯೆಟ್ಟಳ ಇಮೇಲ್‌ಗಳನ್ನು ತೋರಿಸಿದಳು. ಪೌಲಿನ್ ಒಂದೊಂದನ್ನೇ ಓದಿದಳು. ಓದಿ ಕುರ್ಚಿಯಲ್ಲಿ ಕುಸಿದು ಕೂತಳು. “ಬ್ರೆಂಡಾಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ಅವಳಿಗೆ ಆ ಪುಸ್ತಕ ಹಿಡಿಸಲ್ಲ,” ಎಂದಳು.

ಪೌಲಿನ್ ಹೇಳಿದ್ದು ನಿಜವೆಂದು ಗ್ಲೆನಿಸಳಿಗೂ ಗೊತ್ತಿತ್ತು.

ಎರಡನೇ ಪುಸ್ತಕವೂ ಓಡಿತು. ಗುಟ್ಟು ಕಾಯುವ ಕರಾರಿನ ಅವಧಿ ಮುಗಿಯಿತು, ಈಗ ಅವಳು ಬಾಯಿ ಬಿಡಬಹುದಿತ್ತು. “ಈಗ್ಲೇ ಬೇಡ, ಇನ್ನೊಂದು ಬಂದುಬಿಡ್ಲಿ,” ಎಂದಳು ಹ್ಯಾರಿಯೆಟ್. ಜೊತೆಗೆ ಒಂದು ಸಿಹಿಸುದ್ದಿಯನ್ನೂ ಕೊಟ್ಟಳು: ತಾನು ಗುಟ್ಟು ತಿಳಿಸಿದ ಮೇಲೆ ಗ್ಲೆನಿಸಳ ಮೊದಲ ಕಾದಂಬರಿಯನ್ನು ಮರುಮುದ್ರಿಸಲು ಕ್ಲಿಯೊಳ ಪ್ರಕಾಶಕರು ಸಿದ್ಧರಿದ್ದಾರೆ, ಕ್ಲಿಯೊ ವೇನ್ ಹೆಸರಿನಲ್ಲಿ.

“ಅದು ಆಗಲ್ಲ.”

“ಸಾವಿರಾರು ಜನ ಓದ್ತಾರೆ ಗ್ಲೆನಿಸ್. ಈಗ ಯಾರು ಓದ್ತಿದಾರೆ ಹೇಳಿ?”

“ಯಾರೂ ಇಲ್ಲ. ಆದ್ರೂ ಆಗಲ್ಲ. ಅದರಲ್ಲಿರೋದು ನಮ್ಮಮ್ಮ. ನಮ್ಮಮ್ಮಂಗೆ ಕ್ಲಿಯೊ ಅಂತ ಮಗಳಿರ್ಲಿಲ್ಲ.”

ಹ್ಯಾರಿಯೆಟ್ ಮೂರು ಸಲ ಫೋನು ಮಾಡಿದಳು. ಗ್ಲೆನಿಸ್ ಮೂರು ಸಲವೂ ಒಪ್ಪಲಿಲ್ಲ. ಆ ಪುಸ್ತಕ ಮತ್ತೆ ಅಚ್ಚಾಗಲಿಲ್ಲ.

ತಳ್ಳುಗಾಡಿಯಲ್ಲಿದ್ದ ಅದರ ಪ್ರತಿಯನ್ನು ಪೌಲಿನ್ ಯಾರಿಗೂ ಹೇಳದೆ ‘ಊರಿನ ಇತಿಹಾಸ’ದ ಕಪಾಟಿಗೆ ಸೇರಿಸಿದ್ದಳು.

“ಅದು ಕಾದಂಬರಿ ಮಾರಾಯ್ತಿ, ಇತಿಹಾಸ ಅಲ್ಲ,” ಎಂದು ಗ್ಲೆನಿಸ್ ರೇಗಿದಳು.

“ಆ ಕಪಾಟಿಂದ ಪುಸ್ತಕ ತೆಗೆದುಹಾಕೋ ಹಾಗಿಲ್ಲ. ಅದೊಂದೇ ನನ್ನ ಕೈಲಾಗಿದ್ದು.”

ಅರವತ್ತಮೂರರ ಗ್ಲೆನಿಸ್ ಈಗ ಕ್ಲಿಯೊ ವೇನಳ ಮೂರನೆಯದನ್ನು ಬರೆಯುತ್ತಿದ್ದಾಳೆ. ಬೆಳಗ್ಗೆ ಎಂಟಕ್ಕೆ ಕೂತರೆ ಹನ್ನೆರಡಕ್ಕೆ ಏಳುತ್ತಾಳೆ. ಬರಹ ಚೆನ್ನಾಗಿಯೇ ಸಾಗುತ್ತಿದೆ. ಅದಕ್ಕೂ ಅವಳಿಗೆ ಸಿಟ್ಟು.