ಪಟಾಕಿ ಮಾಮನ ಕಿವಿ

ನಮ್ಮನೆಯವರ ಕೆಲಸ ಹಕ್ಕಿ ಓಡಿಸೋದು ಅಂದರೆ ಜನ ಮೊದಲು ನಗುತ್ತಾರೆ. ಆಮೇಲೆ, ಅದಕ್ಕೂ ಸಂಬಳ ಕೊಡ್ತಾರಾ ಅಂತ ಕೇಳುತ್ತಾರೆ. ಕೊಡುತ್ತಾರೆ ತಾಯಿ, ಕೊಡುತ್ತಾರೆ. ವಿಮಾನದ ಇಂಜಿನ್ನಿಗೆ ಒಂದು ಹದ್ದು ಹೊಕ್ಕರೆ ಒಳಗೆ ಕೂತವರ ಗತಿ ಏನು ಅಂತ ಯೋಚನೆ ಮಾಡಿ, ನಗು ತಾನಾಗಿ ನಿಲ್ಲುತ್ತದೆ. ಊರೊಳಗಿನ ಹಳೇ ಏರ್‌ಪೋರ್ಟಿನಲ್ಲಿ ಇವರು ನಮ್ಮ ಮದುವೆಗೆ ಮುಂಚಿನಿಂದ ಅದನ್ನೇ ಮಾಡಿದವರು. ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಜೀಪಿನಲ್ಲಿ ರನ್‌ವೇ ಸುತ್ತಬೇಕು, ಹಕ್ಕಿ ಕೂತ ಕಡೆ ಇಳಿದು ಕೋವಿಯಂಥ ಒಂದು ಕೊಳವೆಯಿಂದ ಪಟಾಕಿ ಹಾರಿಸಬೇಕು. ಅದಕ್ಕೇ ನಮ್ಮ ಓಣಿಯ ಮಕ್ಕಳಿಗೆಲ್ಲ ಇವರು ಪಟಾಕಿ ಮಾಮ. ನಾನು ಪಟಾಕಿ ಅತ್ತೆ. ನನ್ನ ಹೆಸರು ಇವರ ಕೆಲಸದಿಂದ ಬಂತೋ ನನ್ನ ಬಾಯಿಂದ ಬಂತೋ, ವಿಚಾರಿಸೋಕೆ ಹೋಗಿಲ್ಲ.

ನಮ್ಮ ಮನೆ ಆ ಏರ್‌ಪೋರ್ಟಿನ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಂತಿದೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷೀನು, ಹಿಂದೆ ಅಡುಗೆಮನೆ. ವಿಮಾನ ಇಳಿಯುವಾಗೆಲ್ಲ ಗೂಡಿನಲ್ಲಿಟ್ಟ ಲೋಟಗಳು ನಡುಗಿ ನಡುಗಿ ಅಂಚಿಗೆ ಬರೋವು, ಅವನ್ನ ಹಿಂದಕ್ಕೆ ತಳ್ಳೋದೇ ನನಗೊಂದು ಕೆಲಸ. ಮಾತಂತೂ ಯಾರದ್ದೂ ಒಂದೇ ಉಸಿರಿಗೆ ಮುಗಿದದ್ದಿಲ್ಲ. ಸದ್ದು ಬಂದರೆ ಎಲ್ಲರೂ ಬಾಯಿ ಮುಚ್ಚೋದು, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡೋದು. ತಡೆಯೋಕೆ ಆಗದ ಮಾತಿದ್ದರೆ ಕೈಯಲ್ಲಿ ಆಡೋದು. ಹೆಬ್ಬೆರಳು ಬಾಯಿಗೆ ಅಂದರೆ ನೀರು, ಹೊಟ್ಟೆ ಮೇಲೆ ಅಂಗೈ ಅಂದರೆ ಹಸಿವು, ಮುಷ್ಟಿ ತಿರುಗಿಸಿದರೆ ಬಾಗಿಲು, ನೊಣ ಓಡಿಸಿದ ಹಾಗೆ ಕೈ ಬೀಸಿದರೆ ಹೋಗಲಿ ಬಿಡು. ಈ ಕೊನೇದು ಗಂಡ ಹೆಂಡಿರ ಜಗಳಕ್ಕೆ. ಜಗಳ ಕಾವೇರುವ ಹೊತ್ತಿಗೆ ಮೇಲೊಂದು ವಿಮಾನ ಬರೋದು, ಅದು ದಾಟುವ ಹೊತ್ತಿಗೆ ಏನು ಬಯ್ಯೋಕೆ ಹೊರಟಿದ್ದೆವು ಅನ್ನೋದೇ ಮರೆತಿರೋದು. ನಮ್ಮ ಓಣಿಯಲ್ಲಿ ಒಂದು ಸಂಸಾರವೂ ಮುರಿದಿಲ್ಲ, ಪುಣ್ಯವೆಲ್ಲ ವಿಮಾನದ್ದು.

ನಾನು ಮದುವೆಯಾಗಿ ಬಂದ ಹೊಸದರಲ್ಲಿ, ನಮಗೆ ಸದ್ದು ಕೇಳಿಸುವ ಮುಂಚೆಯೇ ಇವರ ಬೆರಳು ಮೇಲೇಳುತ್ತಿತ್ತು. ‘ಬಂತು’ ಅನ್ನೋರು. ಆಮೇಲೆ ಬರೋದು ಗುಡುಗು.

ಹೊಸ ಏರ್‌ಪೋರ್ಟು ಕಟ್ಟುತ್ತೀವಿ ಅಂತ ವರ್ಷಗಟ್ಟಲೆ ಬರೀ ಬಾಯಲ್ಲಿ ಕಟ್ಟಿದರು. ಹಳೇದೂ ಹಾಗೇ ಇತ್ತು ಬಿಡಿ. ಕುರ್ಚಿ ಸಾಲದೆ ಜನ ಸೂಟ್‌ಕೇಸಿನ ಮೇಲೆ ಕೂರೋರು, ಮಳೆ ಬಂದರೆ ಒಳಗೆ ಬಕೆಟ್ ಇಡೋರು. ದೊಡ್ಡ ವಿಮಾನಕ್ಕೆ ರನ್‌ವೇ ಸಾಲದು, ಉದ್ದ ಮಾಡೋಣ ಅಂದರೆ ಗೋಡೆಗೆ ಅಂಟಿಕೊಂಡು ನಾವಿದ್ದೀವಲ್ಲ! ಕೊನೆಗೂ ಊರಾಚೆ ಬಯಲಿನಲ್ಲಿ ಗಾಜಿನ ಗೋಡೆ, ಎರಡೆರಡು ರನ್‌ವೇ ಸಮೇತ ಹೊಸದು ಎದ್ದೇ ಬಿಟ್ಟಿತು. ಹಳೇದಕ್ಕೆ ಬೀಗ ಬಿತ್ತು. ಹೊಸದರಲ್ಲಿ ಕೆಲಸ ಬೇಕಾದವರು ಕಣ್ಣು, ಕಿವಿ ಪರೀಕ್ಷೆ ಪಾಸಾಗಿ ಬನ್ನಿ ಅಂತ ಇವರಿಗೂ ಹೇಳಿ ಕಳಿಸಿದರು.

ಬೀಗ ಬಿದ್ದ ಮೇಲೆ ಓಣಿಗೆ ಓಣಿಯೇ ದಿಕ್ಕೆಟ್ಟ ಹಾಗಾಯಿತು. ಲೋಟಗಳು ಇಟ್ಟಲ್ಲೇ ಇದ್ದವು. ಜನ ಮಾತಿನ ಮಧ್ಯೆ ಸುಮ್ಮನೆ ನಿಲ್ಲಿಸಿ ಮೇಲೆ ನೋಡಿ, ಏನೂ ಬರದಿದ್ದಾಗ ನಾಚಿಕೊಂಡು ಮುಂದುವರಿಸೋರು. ಅಂಥ ಒಂದು ದಿನ ನಾನು ಕುಕ್ಕರ್ ಇಟ್ಟು, ಇವರ ಎದುರಿಗೆ ನಿಂತು ‘ರೀ, ಕೂಗಿದ ಕೂಡಲೇ ಆರಿಸಿ’ ಅಂತ ಹೇಳಿ, ಬಟನ್ ತರೋಕೆ ಅಂಗಡಿಗೆ ಹೋದೆ. ವಾಪಸ್ ಬರುವಾಗ ಓಣಿಯ ತುದಿಗೇ ನಮ್ಮ ಕುಕ್ಕರಿನ ಕೂಗು ಕೇಳಿಸಿತು, ಒಂದಾದ ಮೇಲೊಂದು. ಓಡಿ ಬಂದು ನೋಡಿದರೆ ಇವರು ಒಲೆಗೆ ಬೆನ್ನು ಹಾಕಿ ಅಲ್ಲೇ ಕೂತು ಶೂ ಪಾಲಿಶ್ ಮಾಡುತ್ತಿದ್ದಾರೆ!

ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದೀರಾ ಅಂತ ಕಿರುಚೋಕೆ ಬಾಯಿ ತೆಗೆದವಳು ಹಾಗೇ ನಿಂತೆ. ಒಲೆ ಆರಿಸಿದೆ. ಇವರ ಬೆನ್ನ ಹಿಂದೆ ಬಂದು, ಮಾಮೂಲಿ ದನಿಯಲ್ಲಿ, ‘ರೀ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ’ ಅಂದೆ.

ಇವರು ಬ್ರಶ್ಶಿಗೆ ಇನ್ನಷ್ಟು ಪಾಲಿಶ್ ಹಚ್ಚಿಕೊಂಡರು.

ಒಂದೇ ಸೂರಿನಡಿ ಇದ್ದೂ ಗೊತ್ತಾಗಲಿಲ್ಲವಾ ಅಂತ ನೀವು ಕೇಳಬಹುದು. ಹೇಗೆ ಗೊತ್ತಾಗಬೇಕು ಹೇಳಿ? ಕಿರುಚಿ ಮಾತಾಡುವ ಓಣಿ, ಕೈಯಲ್ಲಿ ಮಾತಾಡುವ ಮನೆ. ಎದುರಿಗೆ ನಿಂತು ಆಡಿದ್ದನ್ನ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು, ನಾವು ಬಾಯಿ ಮುಚ್ಚಿದ್ದು ನೋಡಿ ಇವರೂ ಮುಚ್ಚುತ್ತಿದ್ದರು. ಆ ಬೆರಳು ಯಾವಾಗಿನಿಂದ ಮೇಲೇಳೋದು ನಿಲ್ಲಿಸಿತೋ, ನಾನು ಗಮನಿಸಿರಲೇ ಇಲ್ಲ.

ಇವರ ಜೀಪು ಓಡಿಸುತ್ತಿದ್ದವನು ಈಚೆಗೆ ರಿಟೈರಾಗಿ ಮನೆಯಲ್ಲಿದ್ದ. ಅವನನ್ನು ಕರೆಸಿ ಕೂರಿಸಿ ಕೇಳಿದೆ.

‘ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಅತ್ತಿಗೆ’ ಅಂದ. ‘ವಿಮಾನ ಬರ್ತಿದೆ, ಆಚೆ ಬನ್ನಿ ಅಂತ ವಾಕಿಟಾಕೀಲಿ ಹೇಳ್ತಾರಲ್ಲ, ಅದನ್ನ ನಾನು ಕೇಳಿಸ್ಕೊಂಡು ಅಣ್ಣನ ಭುಜ ತಟ್ಟೋದು. ಹಂಗೇ ನಡೀತು ಇಷ್ಟು ದಿನ. ಹೋದ ಮಳೆಗಾಲದಲ್ಲಿ ಒಂದ್ಸಲ ಕಾಲರ್ ಹಿಡಿದು ಎಳೆದೆ.’

‘ಎಳೆದೆ ಅಂದ್ರೆ?’

‘ಎಳೆದೆ ಅಷ್ಟೇ. ಇನ್ನೇನೂ ಕೇಳ್ಬೇಡಿ.’

‘ಹೊಸ ಏರ್‌ಪೋರ್ಟಲ್ಲಿ ಯಾರಪ್ಪಾ ಎಳೆಯೋರು?’

ಅವನು ತಲೆ ತಗ್ಗಿಸಿದ. ‘ಅಲ್ಲಿ ಒಂದು ಗಾಡಿಗೆ ಒಬ್ಬರೇ. ಯಾವ ರನ್‌ವೇಗೆ, ಯಾವ ಕಡೆಯಿಂದ ಬರುತ್ತೆ ಅನ್ನೋದು ವಾಕಿಟಾಕಿ ಹೇಳಿದ್ರೇನೇ ಗೊತ್ತಾಗೋದು. ಕಿವಿಗೆ ಮಷೀನು ಹಾಕ್ಕೊಂಡೋರನ್ನ ರನ್‌ವೇಗೆ ಬಿಡಲ್ವಂತೆ.’

ಆವತ್ತು ಸಂಜೆ ಇವರ ಎದುರಿಗೆ ಕೂತು ಕೇಳಿದೆ. ಅಲ್ಲಗಳೆಯುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಎಲ್ಲ ಯೋಚಿಸಿಟ್ಟಿದ್ದರು. ಹೊಸ ಕಟ್ಟಡದಲ್ಲಿ ಕಿವಿ ಪರೀಕ್ಷೆಯ ಯಂತ್ರ ಇನ್ನೂ ಡಬ್ಬದಲ್ಲೇ ಇದೆಯಂತೆ. ಡಾಕ್ಟರು ಹಿಂದೆ ನಿಂತು ಮೆಲ್ಲಗೆ ಒಂದೊಂದು ಮಾತು ಹೇಳುತ್ತಾರಂತೆ, ನೀರು, ಬಾಗಿಲು, ಮಳೆ, ಹೀಗೆ. ಕೇಳಿಸಿದ್ದನ್ನ ಹೇಳಿದರೆ ಮುಗಿಯಿತಂತೆ.

‘ನೀನು ನನ್ನೆದುರಿಗೆ ಕೂತ್ಕೋ ಸಾಕು’ ಅಂದರು. ‘ನಮ್ಮ ಓಣಿ ಕೈಮಾತು ಆ ಡಾಕ್ಟರಿಗೇನು ಗೊತ್ತು?’

ನನಗೆ ಮೈಯೆಲ್ಲ ಉರಿದುಹೋಯಿತು. ‘ಪರೀಕ್ಷೆಗೆ ನಾನು ಕೂರ್ತೀನಿ. ವಿಮಾನ ಬಂದಾಗ ಯಾರು ಕೂರ್ತಾರೆ? ಫೇಲಾದವರಿಗೆ ಸಾಮಾನಿನ ಟ್ರಾಲಿ ಜೋಡಿಸೋ ಕೆಲಸ ಕೊಡ್ತಾರಂತಲ್ಲ, ಅದನ್ನ ಮಾಡಿ!’

‘ಟ್ರಾಲಿ ಏನು ಹಾರಿಹೋಗುತ್ತಾ, ನಾನು ಕಾಯೋಕೆ? ಹಕ್ಕಿ ಬಿಟ್ಟು ನನಗೆ ಇನ್ನೇನು ಬರುತ್ತೆ ಹೇಳು.’

ಅದಾದ ಮೇಲೆ ಗಿರಾಕಿಯೊಬ್ಬನ ಪ್ಯಾಂಟಿನ ಎರಡು ಕಾಲೂ ಸೇರಿಸಿ ಹೊಲಿದುಬಿಟ್ಟೆ. ಅವನು, ‘ಇದರಲ್ಲಿ ನಾನು ಕುಪ್ಪಳಿಸಬೇಕಾ ಅಕ್ಕಾ?’ ಅಂದರೂ ನಗು ಬರಲಿಲ್ಲ. ಕೈ ಎತ್ತಿದರೆ ಇವರ ಜೀವಕ್ಕೆ ಕುತ್ತು, ಎತ್ತದಿದ್ದರೆ ಇವರ ಬದುಕಿಗೆ. ಅತ್ತ ದರಿ ಇತ್ತ ಪುಲಿ ಅನ್ನೋದು ಇದಕ್ಕೇ. ಕೊನೆಗೆ, ಜೊತೆಗೆ ಬರ್ತೀನಿ, ಕೈ ಮಾತ್ರ ಎತ್ತಲ್ಲ ಅಂತ ಹೇಳಿದೆ. ಇವರು ನನ್ನ ಮುಖ ನೋಡಿ, ಮತ್ತೆ ಅಂಗಿ ಇಸ್ತ್ರಿ ಮಾಡತೊಡಗಿದರು. ಬಂದ ಮೇಲೆ ಇವಳು ಎತ್ತದೆ ಇರ್ತಾಳಾ ಅನ್ನುವ ಧೈರ್ಯ ಅದು.

ಪರೀಕ್ಷೆಯ ದಿನ ಬಸ್ಸು ಊರು ದಾಟಿ ಬಯಲಿಗೆ ಬಿದ್ದಾಗ ಇವರು ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ಹೊಸ ರಸ್ತೆ, ಹೊಸ ದೀಪದ ಕಂಬ, ಮಣ್ಣು ತೆಗೆದ ಗುಂಡಿಗಳಲ್ಲಿ ನೀರು. ‘ನೋಡೇ, ನೀರು ನಿಲ್ಲೋಕೆ ಬಿಟ್ಟಿದ್ದಾರೆ. ಕೊಕ್ಕರೆ ಬರದೆ ಇರ್ತಾವಾ? ಮೊದಲು ಹೋಗಿ ಆ ಗುಂಡಿ ಮುಚ್ಚಿಸ್ಬೇಕು’ ಅಂತ ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳಿದರು. ಮುಖ ನೋಡಬೇಕಿತ್ತು, ಮದುಮಗನ ಕಳೆ.

ಆಗ ಹಿಂದಿನಿಂದ ಒಂದು ವಿಮಾನ ಬಂತು. ಇಳಿಯೋಕೆ ತೀರ ಕೆಳಗೆ ಬಂದಿತ್ತು. ಬಸ್ಸಿನಲ್ಲಿದ್ದವರೆಲ್ಲ ಕತ್ತು ಹಿಂದಕ್ಕೆ ತಿರುಗಿಸಿದರು, ನಾನು ಅಭ್ಯಾಸಬಲದಿಂದ ಬಾಯಿ ಮುಚ್ಚಿದೆ. ಇವರು ಕೊಕ್ಕರೆ ವಿಷಯ ಮಾತಾಡುತ್ತಲೇ ಇದ್ದರು. ಎಲ್ಲರ ಮುಖ ಒಂದೇ ಕಡೆ ತಿರುಗಿದ್ದು ಕಂಡು ಮಾತು ತಡವರಿಸಿತು. ಅಷ್ಟರಲ್ಲಿ ಕಿಟಕಿಯ ಮೇಲೆ ನೆರಳು ಬಿತ್ತು, ರೆಕ್ಕೆ ಕಾಣಿಸಿತು.

‘ಯಾವ ಕಡೆಯಿಂದ ಬಂತು?’ ಅಂತ ಕೇಳಿದರು.

‘ಹಿಂದಿನಿಂದ’ ಅಂತ ಕೈಯಲ್ಲಿ ತೋರಿಸಿದೆ.

‘ಹ್ಞಾಂ’ ಅಂದರು. ಆ ಕಳೆಯೆಲ್ಲ ಇಳಿದುಹೋಯಿತು. ಅಂಗೈಯಿಂದ ಸುಮ್ಮನೆ ಕಿಟಕಿಯ ಗಾಜು ಒರೆಸತೊಡಗಿದರು. ನನಗೆ ಆ ಕೈ ನೋಡೋಕೆ ಆಗಲಿಲ್ಲ. ನನ್ನ ಹಟ ಅಲ್ಲೇ ಕರಗಿತು. ಆಗಿದ್ದಾಗಲಿ, ಇವತ್ತೊಂದು ದಿನ ಈ ಮನುಷ್ಯನನ್ನ ಗೆಲ್ಲಿಸಿಬಿಡೋಣ, ನಾಳೆಯದು ನಾಳೆಗೆ ಅಂದುಕೊಂಡೆ.

ಡಾಕ್ಟರ ಕೋಣೆಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೂಲೆಯಲ್ಲಿ ಟೇಪು ಸುತ್ತಿದ ಡಬ್ಬ. ವಯಸ್ಸಾದ ಡಾಕ್ಟರು, ಒಳ್ಳೆಯವರು. ‘ನೀವೂ ಕೂತ್ಕೊಳ್ಳಮ್ಮ’ ಅಂತ ನನಗೆ ಗೋಡೆ ಪಕ್ಕದ ಕುರ್ಚಿ ತೋರಿಸಿದರು. ಇವರು ನನ್ನೆದುರಿಗೆ ಸ್ಟೂಲಿನ ಮೇಲೆ, ಇಸ್ತ್ರಿ ಅಂಗಿಯಲ್ಲಿ, ಮಂಡಿ ಮೇಲೆ ಕೈ ಇಟ್ಟು ಕೂತರು. ಕಾಲರಿನೊಳಗೆ ಕತ್ತು ಯಾವಾಗ ಇಷ್ಟು ಸಣ್ಣಗಾಯಿತು ಅನ್ನಿಸಿತು.

ಡಾಕ್ಟರು ಹಿಂದೆ ಹೋಗಿ ನಿಂತರು. ಮೆಲ್ಲಗೆ, ‘ನೀರು’ ಅಂದರು.

ನನ್ನ ಹೆಬ್ಬೆರಳು ಬಾಯಿಗೆ ಹೋಯಿತು. ಇವರು ಅದನ್ನ ನೋಡಿದರು. ನನ್ನ ಮುಖವನ್ನೂ ನೋಡಿದರು, ಸರಿಯಾಗಿ, ತುಂಬ ಹೊತ್ತು. ಆಮೇಲೆ ಕಣ್ಣು ಮುಚ್ಚಿಕೊಂಡರು.

‘ಬಾಗಿಲು’ ಅಂದರು ಡಾಕ್ಟರು. ನನ್ನ ಮುಷ್ಟಿ ಗಾಳಿಯಲ್ಲಿ ತಿರುಗಿತು. ಅಯ್ಯೋ, ಕಣ್ಣು ಬಿಡ್ರೀ, ಕಣ್ಣು ಬಿಡಿ ಅಂತ ಒಳಗೊಳಗೇ ಕೂಗಿಕೊಂಡೆ. ‘ಮಳೆ’ ಅಂದರು. ಇವರು ರೆಪ್ಪೆ ಅಲುಗಿಸಲಿಲ್ಲ. ಡಾಕ್ಟರು ನನ್ನ ಕೈ ನೋಡಿದರು, ಮುಂದೆ ಬಂದು ಇವರ ಭುಜ ತಟ್ಟಿದರು.

ಇವರು ಕಣ್ಣು ಬಿಟ್ಟು, ಜೋರಾಗಿಯೇ, ‘ಒಂದೂ ಕೇಳಿಸಲಿಲ್ಲ ಡಾಕ್ಟ್ರೇ. ಹಂಗೇ ಬರ್ಕೊಳ್ಳಿ’ ಅಂದರು.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಬೇಲಿಯಾಚೆ ಹುಲ್ಲಿನಲ್ಲಿ ನಾಲ್ಕಾರು ಕೊಕ್ಕರೆಗಳು ಹಾಯಾಗಿ ನಡೆಯುತ್ತಿದ್ದವು, ಓಡಿಸೋರು ಯಾರೂ ಇರಲಿಲ್ಲ. ಇವರು ಅವನ್ನೇ ನೋಡುತ್ತಿದ್ದರು. ಏನಾದರೂ ಹೇಳಲೇಬೇಕು ಅಂತ ತೋಳು ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ, ಬಾಯಿ ತೆಗೆದೆ.

ಇವರು ನೊಣ ಓಡಿಸಿದ ಹಾಗೆ ಕೈ ಬೀಸಿದರು. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು.

ನಾನು ತಲೆ ಎತ್ತಿ ನೋಡಿದೆ. ಆಕಾಶದಲ್ಲಿ ಒಂದು ವಿಮಾನವೂ ಇರಲಿಲ್ಲ. ನನ್ನ ಹೊಟ್ಟೆಯ ಮೇಲೂ ಅಂಗೈ ಇಟ್ಟು ತೋರಿಸಿದೆ.