ಪುಷ್ಪಲತಾಳ ಹಳದಿ ಅಕ್ಷರ

ಕೊಟ್ಟೂರಿನಲ್ಲಿ ಕೇಬಲ್ ಟಿವಿ ಇದ್ದ ಮನೆಯವರಿಗೆಲ್ಲ ಪುಷ್ಪಲತಾ ಗೊತ್ತು, ಮುಖ ಮಾತ್ರ ಗೊತ್ತಿಲ್ಲ. ಮಧ್ಯಾಹ್ನದ ಸಿನಿಮಾದಲ್ಲಿ ನಾಯಕಿ ಬಿಕ್ಕಿ ಬಿಕ್ಕಿ ಅಳುತ್ತಿರುವಾಗ, ಅವಳ ಗದ್ದದ ಕೆಳಗೆ ‘ಪೇಟೆಯಲ್ಲಿ ಹೊಸ ಬಟ್ಟೆ ಅಂಗಡಿ ಆರಂಭ, ಸರ್ವರಿಗೂ ಸ್ವಾಗತ’ ಎಂದು ಹಳದಿ ಅಕ್ಷರ ಸರಿದು ಹೋಗುತ್ತಿತ್ತಲ್ಲ, ಅದೇ ಪುಷ್ಪಲತಾ. ಯಾರದೋ ಎಮ್ಮೆ ತಪ್ಪಿಸಿಕೊಂಡರೆ, ಯಾರೋ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದರೆ, ಯಾವುದೋ ಓಣಿಗೆ ನೀರು ಬಿಡುವುದು ತಡವಾದರೆ, ಹಿರಿಯರೊಬ್ಬರು ಲಿಂಗೈಕ್ಯರಾದರೆ, ಊರಿಗೆ ಮೊದಲು ಹೇಳುತ್ತಿದ್ದವಳು ಅವಳೇ. ಹಾಡಿನ ಮಧ್ಯೆ ಅಡ್ಡ ಬಂದಳೆಂದು ಬೈದವರೂ ಇದ್ದರು. ಬೈದವರೇ ಮರುದಿನ ಚೀಟಿ ಹಿಡಿದು ಬರುತ್ತಿದ್ದರು ಅನ್ನುವುದು ಬೇರೆ ಮಾತು.

ಈ ಕೆಲಸ ಅವಳಿಗೆ ಸಿಕ್ಕಿದ್ದು ತೊಂಬತ್ತೈದರಲ್ಲಿ. ಕೇಬಲ್ ಮಾಲೀಕ ಕೊಟ್ರಸ್ವಾಮಿ ದಾವಣಗೆರೆಯಿಂದ ಟೆಂಪೋದಲ್ಲಿ ಕಂಪ್ಯೂಟರ್ ತಂದ. ಅದಕ್ಕೇನು ಉಪಚಾರ ಅಂತೀರಿ! ಹಾಸಿಗೆಯಲ್ಲಿ ಸುತ್ತಿ ತಂದರು, ಆರತಿ ಎತ್ತಿ ಒಳಗೆ ಕರೆದುಕೊಂಡರು, ಅದಕ್ಕೊಂದು ಕೋಣೆ, ಕೋಣೆಗೊಂದು ಪರದೆ, ಪರದೆಯ ಆಚೆ ಚಪ್ಪಲಿ ಬಿಡಬೇಕು. ಹೊಸ ಅಳಿಯನಿಗೂ ನಮ್ಮ ಕಡೆ ಇಷ್ಟು ಮರ್ಯಾದೆ ಇಲ್ಲ. ಕನ್ನಡ ಟೈಪಿಂಗ್ ಪಾಸು ಮಾಡಿದ್ದ ಪುಷ್ಪಲತಾ ಕುರ್ಚಿಯ ತುದಿಯಲ್ಲಿ ಕುಳಿತು, ಬೆವರುವ ಬೆರಳುಗಳಿಂದ ಮೊದಲ ಸಾಲು ಬಡಿದಳು: ‘ಕೊಟ್ಟೂರಿನ ಮಹಾಜನತೆಗೆ ನಮಸ್ಕಾರಗಳು.’

ಬಡಿದವಳೇ ಎದ್ದು ಬೀದಿಗೆ ಓಡಿದಳು. ಎದುರು ಮನೆಯ ಕಿಟಕಿಯಲ್ಲಿ ಇಣುಕಿದರೆ ಟಿವಿಯಲ್ಲಿ ಅವಳ ನಮಸ್ಕಾರ. ಪಕ್ಕದ ಮನೆಯಲ್ಲೂ ಅದೇ ನಮಸ್ಕಾರ. ಮೂಲೆಯ ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಬಳಿದುಕೊಂಡಿದ್ದವನೊಬ್ಬ ಅದನ್ನು ಗಟ್ಟಿಯಾಗಿ ಓದುತ್ತಿದ್ದ. ಅಬ್ಬಬ್ಬಾ! ತನ್ನ ಬೆರಳಿನಿಂದ ಈಗಷ್ಟೇ ಹೊರಟ ಮಾತು ಇಷ್ಟು ಮನೆಗಳಲ್ಲಿ ಒಟ್ಟಿಗೇ ಹೇಗೆ ಬಂತು? ನಡುಬೀದಿಯಲ್ಲಿ ನಿಂತ ಪುಷ್ಪಲತಾಳಿಗೆ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರೂ ಬಂತು. ಅಲ್ಲಿಂದ ಒಂದೇ ಓಟಕ್ಕೆ ಮನೆಗೆ ಹೋಗಿ ತಾಯಿಯ ಮುಂದೆ ನಿಂತಳು.

ತಾಯಿ ಶಿವಬಸಮ್ಮ ಇಟ್ಟಿಗಿ ಊರಿನವಳು. ಅಕ್ಷರದ ಗಂಧವಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳ ಮನೆಯಲ್ಲೇ ಇದ್ದಳು. ಮೊರದಲ್ಲಿ ಶೇಂಗಾ ಸುಲಿಯುತ್ತ ಟಿವಿ ನೋಡುವುದು ಅವಳ ಮಧ್ಯಾಹ್ನದ ಕೆಲಸ.

“ಯವ್ವಾ, ಅಲ್ಲಿ ಹೊಂಟೈತಲ್ಲ ಹಳದಿದು, ಅದು ನಾನಾ!”

ಶಿವಬಸಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಮಗಳು ಹೇಳಿದ್ದು ‘ಬರೆದದ್ದು ನಾನು’ ಎಂಬ ಅರ್ಥದಲ್ಲಿ. ತಾಯಿ ತಿಳಿದುಕೊಂಡದ್ದು ಹೇಳಿದ ಹಾಗೆಯೇ.

“ಎಷ್ಟು ಚಂದ ಹೊಂಟೀಯಬೇ,” ಅಂದಳು.

ಅಂದಿನಿಂದ ಹಳದಿ ಸಾಲು ಕಾಣಿಸಿದರೆ ಸಾಕು, ಕೈಯಲ್ಲಿನ ಶೇಂಗಾ ಕೈಯಲ್ಲೇ ನಿಲ್ಲುತ್ತಿತ್ತು. “ಸುಮ್ಮನಿರ್ರಿ, ನನ್ನ ಮಗಳು ಹೊಂಟಾಳ” ಎಂದು ಮನೆಗೆ ಬಂದವರ ಬಾಯಿಯನ್ನೂ ಮುಚ್ಚಿಸುತ್ತಿದ್ದಳು. ಒಮ್ಮೆ ನೆರೆಯ ಚೌಡಕ್ಕ, “ಯಾರೋ ಸತ್ತಾರಂತ ಬರಾಕತ್ತೈತಿ, ನೀ ನಗತೀಯಲ್ಲಬೇ!” ಅಂದದ್ದಕ್ಕೆ, “ಸತ್ತೋರಿಗೆ ಪಾಪ ಅನ್ನೂಣು. ಹೇಳಾಕ ಬಂದಾಕಿ ನನ್ನ ಮಗಳಲ್ಲೇನು?” ಎಂದು ತಿರುಗಿ ಕೇಳಿದ್ದಳು.

ಆ ಯಂತ್ರಕ್ಕೆ ಅದರದೇ ಒಂದು ನಡಿಗೆ ಇತ್ತು. ಅಕ್ಷರಗಳು ದಪ್ಪ, ಚೌಕಚೌಕ, ನೀಲಿ ಪಟ್ಟಿಯ ಮೇಲೆ ಹಳದಿ. ನುಣ್ಣಗೆ ಹರಿಯುತ್ತಿರಲಿಲ್ಲ, ತುಸು ಮುಗ್ಗರಿಸುತ್ತ, ಮಂಡಿನೋವಿನವರ ಹಾಗೆ ಸಾಗುತ್ತಿದ್ದವು. ಬಿಸಿಲು, ಧೂಳು, ಏರಿಳಿಯುವ ಕರೆಂಟು ಎಲ್ಲವನ್ನೂ ಅದು ಒಂಬತ್ತು ಬೇಸಿಗೆ ತಡೆದುಕೊಂಡಿತು. ಕೀಲಿಗಳ ಮೇಲಿನ ಗುರುತು ಪೂರಾ ಸವೆದು ಹೋಗಿತ್ತು. ಪುಷ್ಪಲತಾಳಿಗೆ ಗುರುತು ಬೇಕಾಗಿಯೂ ಇರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಕೊಟ್ರಸ್ವಾಮಿ ಹೊಸದನ್ನು ತಂದ. ಬಿಳಿಯ ತೆಳ್ಳನೆ ಅಕ್ಷರ, ಎಣ್ಣೆ ಜಾರಿದಂತೆ ಓಟ. ಹಳೆಯದನ್ನು ಗುಜರಿಗೆ ಹಾಕಲು ಹೊರಟವನ ಕೈ ಹಿಡಿದು, “ಇರಲಿ ಬಿಡ್ರಿ ಅಣ್ಣಾರ, ಮೂಲಿಯಾಗ ಬಿದ್ದಿರತೈತಿ” ಎಂದು ಪುಷ್ಪಲತಾ ಬೇಡಿಕೊಂಡಳು. ತನ್ನ ಹಳೆಯ ಸೀರೆಯೊಂದನ್ನು ತಂದು ಅದರ ಮೇಲೆ ಹೊದಿಸಿದಳು. ನಗಬೇಡಿ, ಎತ್ತಿಗೆ ಜೂಲು ಹಾಕುವವರು ನಾವು, ಇದಕ್ಕೊಂದು ಸೀರೆ ಹೊದಿಸಿದರೆ ತಪ್ಪೇನು?

ಮನೆಯಲ್ಲಿ ಬೇರೆಯೇ ಪೇಚು ಶುರುವಾಯಿತು. ಶಿವಬಸಮ್ಮನಿಗೆ ಅಷ್ಟರಲ್ಲಿ ಮರೆವು ಹತ್ತಿತ್ತು. ತನ್ನ ಹೆಸರು ಕೇಳಿದರೂ ಹೇಳಲು ತಡಕಾಡುತ್ತಿದ್ದಳು. ಆದರೂ ಮಧ್ಯಾಹ್ನವಾದರೆ ಟಿವಿಯ ಮುಂದೆ ಕೂತು ಕೇಳುತ್ತಿದ್ದಳು, “ನನ್ನ ಮಗಳು ಯಾಕ ಬರಾಂಗಿಲ್ಲ?”

“ಆ ಬಿಳೇದೂ ನಾನಾ ಬರ್ದಿದ್ದು, ಯವ್ವಾ.”

“ಅದು ಯಾರೋ ಬ್ಯಾರೇದಾಕಿ,” ಎಂದು ಮುಖ ತಿರುಗಿಸುತ್ತಿದ್ದಳು.

ಆ ವರ್ಷದ ಆಯುಧಪೂಜೆ ಬಂತು. ಕೊಟ್ರಸ್ವಾಮಿ ಹೊಸ ಕಂಪ್ಯೂಟರಿನ ಡಬ್ಬಿಯನ್ನು ಅಡ್ಡ ಮಲಗಿಸಿ, ಗಾಳಿಯಾಡುವ ತೂತಿನ ಮಗ್ಗುಲನ್ನೇ ಮೇಲೆ ಮಾಡಿ, ವಿಭೂತಿ ಬಳಿದು, ಚೆಂಡುಹೂ ಏರಿಸಿದ. ಕಾಯಿ ಒಡೆದ ಮೇಲೆ ನೀರು ತುಂಬಿದ ಹೋಳನ್ನು ಭಕ್ತಿಯಿಂದ ಅದರ ನೆತ್ತಿಯ ಮೇಲಿಟ್ಟ. ಕೈ ಮುಗಿಯುವಾಗ ಮೊಣಕೈ ತಗುಲಿತು. ಕಾಯಿನೀರೆಲ್ಲ ತೂತಿನೊಳಗೆ ಇಳಿಯಿತು. ಒರೆಸಿದರಾಯಿತೆಂದು ಒರೆಸಿ, ಪೂಜೆಯ ದಿನ ಚಾಲೂ ಮಾಡದಿದ್ದರೆ ಹೇಗೆಂದು ಸ್ವಿಚ್ ಒತ್ತಿದ. ಚಟ್ ಎಂದಿತು, ಸುಟ್ಟ ವಾಸನೆ ಬಂತು, ಮುಗಿಯಿತು ಕತೆ.

ಎಲ್ಲರೂ ಅದರ ಸುತ್ತ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದಾಗಲೇ ಚೌಡಕ್ಕ ಏದುಸಿರು ಬಿಡುತ್ತ ಬಂದಳು. “ಪುಷ್ಪಾ, ನಿಮ್ಮವ್ವ ಮನಿಯಾಗಿಲ್ಲಬೇ! ಓಣಿಯೆಲ್ಲಾ ನೋಡಿದ್ವಿ, ಎಲ್ಲೂ ಇಲ್ಲ!”

ಹೆಸರು ಹೇಳಲು ಬಾರದ, ಊರು ಹೇಳಲು ಬಾರದ ಮುದುಕಿ. ಹಬ್ಬದ ದಿನ ರಸ್ತೆಯ ತುಂಬ ಹೂ ಕಟ್ಟಿದ ಲಾರಿ, ಟ್ರ್ಯಾಕ್ಟರ್. ಯಾವುದೋ ಬಸ್ಸು ಹತ್ತಿಬಿಟ್ಟರೆ ಹುಡುಕುವುದೆಲ್ಲಿ? ಲೈನು ನೋಡಿಕೊಳ್ಳುವ ಗಾದಿಲಿಂಗ ಬೈಕ್ ಹತ್ತಿ ಬಸ್‌ಸ್ಟ್ಯಾಂಡಿನ ಕಡೆ ಹೋದ. ಪುಷ್ಪಲತಾಳೂ ಬಾಗಿಲವರೆಗೆ ಓಡಿದವಳು ಗಕ್ಕನೆ ನಿಂತಳು. ಊರಿಗೆ ಊರೇ ಈಗ ಉಂಡು ಟಿವಿ ಮುಂದೆ ಕೂತಿದೆ. ಅವಳು ತಿರುಗಿ ಬಂದು ಮೂಲೆಯ ಸೀರೆ ಎಳೆದಳು.

“ಅದು ಚಾಲೂ ಆಕ್ಕತೇನವಾ?” ಎಂದ ಕೊಟ್ರಸ್ವಾಮಿ.

“ಆಗಬೇಕು ಅಣ್ಣಾರ.”

ತಂತಿ ಸಿಕ್ಕಿಸಿ ಸ್ವಿಚ್ ಒತ್ತಿದರು. ಮೊದಲು ಏನೂ ಇಲ್ಲ. ಆಮೇಲೆ ಡಬ್ಬಿಯೊಳಗೆ ಫ್ಯಾನು ಗೊರಗೊರ ಎಂದಿತು, ಪರದೆ ಮಿಣುಕಿತು. ಒಳಗಿನ ಬ್ಯಾಟರಿ ಸತ್ತು, ತಾರೀಖು ಸಾವಿರದ ಒಂಬೈನೂರ ಎಂಬತ್ತಕ್ಕೆ ಹೋಗಿ ಕೂತಿತ್ತು. ತಾರೀಖು ಏನಾದರೂ ಇರಲಿ ಎಂದು ಅವಳು ಮುಂದಿನ ಕೀಲಿ ಒತ್ತಿದಳು. ಕಪ್ಪು ಪರದೆಯ ಮೇಲೆ ಸಣ್ಣ ಗೆರೆಯೊಂದು ಮಿಟುಕತೊಡಗಿತು, ಹೇಳವ್ವ ಏನು ಬರೀಲಿ ಅನ್ನುವ ಹಾಗೆ. ತಿಂಗಳುಗಟ್ಟಲೆ ಮೂಲೆಯಲ್ಲಿ ಕುಳಿತ ಜೀವ, ಒಂದಿಷ್ಟೂ ಬೇಸರವಿಲ್ಲದೆ ಎದ್ದು ಬಂದಿತ್ತು! ಪುಷ್ಪಲತಾ ತನಗೇ ತಿಳಿಯದಂತೆ ಕೈ ಮುಗಿದಳು.

‘ಕಾಣೆಯಾಗಿದ್ದಾರೆ’ ಎಂದು ಅವಳು ಎಷ್ಟು ಜನರಿಗೆ ಬರೆದಿಲ್ಲ? ಇಂದು ಆ ಮಾತಿನ ಮುಂದೆ ಸ್ವಂತ ತಾಯಿಯ ಹೆಸರು ಹಾಕಲು ಬೆರಳು ಏಳಲಿಲ್ಲ. ಹಲ್ಲು ಕಚ್ಚಿ ಬಡಿದಳು: ‘ಶಿವಬಸಮ್ಮ, ಹಸಿರು ಇಳಕಲ್ ಸೀರೆ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಹೆಸರು ಹೇಳಲು ಬಾರದು. ಕಂಡವರು ದಯಮಾಡಿ ಕೂಡಿಸಿಕೊಂಡು ಕೇಬಲ್ ಆಫೀಸಿಗೆ ಫೋನು ಮಾಡಿರಿ.’

ಸಿನಿಮಾದ ಕೆಳಗೆ ನೀಲಿ ಪಟ್ಟಿ ಮೂಡಿತು. ದಪ್ಪ ಹಳದಿ ಅಕ್ಷರಗಳು ಮುಗ್ಗರಿಸುತ್ತ ಹೊರಟವು.

ಹೊರಗೆ ಬಾಗಿಲುಗಳ ಸದ್ದಾಯಿತು. ಒಬ್ಬರಾದ ಮೇಲೊಬ್ಬರು ಕಟ್ಟೆಗೆ ಬಂದು ಬೀದಿಯ ಆ ತುದಿ ಈ ತುದಿ ನೋಡತೊಡಗಿದರು. ಯಾವ ಡಂಗುರವೂ ಇಲ್ಲದೆ ಒಂದು ಊರು ಹೊಸ್ತಿಲು ದಾಟಿ ಬಂದದ್ದನ್ನು ಪುಷ್ಪಲತಾ ಕಿಟಕಿಯಿಂದ ನೋಡಿದಳು. ಮೊದಲ ದಿನದ ಜುಮ್ಮೆನ್ನುವಿಕೆ ಮೈಯಲ್ಲೆಲ್ಲ ಹರಿಯಿತು.

ಫೋನು ಬಡಿದುಕೊಂಡಿತು. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಮಂಡಕ್ಕಿ-ಮಿರ್ಚಿ ಹೋಟೆಲು ಇಟ್ಟಿರುವ ಕರಿಸಿದ್ದಪ್ಪ.

“ಅಜ್ಜಿ ಇಲ್ಲೇ ಅದಾಳವ್ವಾ! ಮಗಳನ್ನ ಹುಡುಕಾಕ ಹೊಂಟೀನಿ ಅಂತ ಭರಭರ ಹೊಂಟಿದ್ಲು, ಕೂಗಿದ್ರೂ ನಿಲ್ಲಲಿಲ್ಲ. ನಮ್ಮ ಟಿವಿಯಾಗ ನಿನ್ನ ಹಳದಿ ಅಕ್ಷರ ಬಂದ್ವು ನೋಡು, ಗಪ್ಪನ ನಿಂತ್ಲು. ‘ಬಂದ್ಲು ನನ್ನ ಮಗಳು’ ಅಂತ ಬಂದು ಬೆಂಚಿನ ಮ್ಯಾಲ ಕುಂತಾಳ. ಅಕಿ ಹೆಸರಾ ಓದಿ ಹೇಳಿದೆ, ಕಿವಿಗೇ ಹಾಕ್ಕೊಳ್ಳಲಿಲ್ಲ!”

ಪುಷ್ಪಲತಾ ಚಪ್ಪಲಿ ಮೆಟ್ಟದೆ ಓಡಿದಳು. ಹೋಟೆಲಿನ ತುಂಬ ಜನ. ನಡುವಿನ ಬೆಂಚಿನಲ್ಲಿ ಶಿವಬಸಮ್ಮ ಮಡಿಲ ತುಂಬ ಮಂಡಕ್ಕಿ ಹಾಕಿಕೊಂಡು, ಅದನ್ನು ಮುಟ್ಟದೆ, ತಲೆ ಎತ್ತಿ ಕೂತಿದ್ದಳು. ಪುಷ್ಪಲತಾ ಹೋಗಿ ಅವಳ ಮುಂದೆ ನಿಂತು, “ಯವ್ವಾ!” ಎಂದು ಎರಡೂ ಕೈ ಹಿಡಿದುಕೊಂಡಳು.

ತಾಯಿ ಒಂದು ಕ್ಷಣ ಆ ಮುಖವನ್ನು ನೋಡಿದಳು. ಗುರುತು ಹತ್ತಲಿಲ್ಲ. ಕೈ ಬಿಡಿಸಿಕೊಂಡು, ಅವಳ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು.

“ಸ್ವಲ್ಪ ಸರದು ನಿಂದರವ್ವಾ. ನನ್ನ ಮಗಳು ಹೊಂಟಾಳ.”

ಪುಷ್ಪಲತಾ ಸರಿದಳು. ಕಣ್ಣು ಒರೆಸಿಕೊಂಡು ತಾಯಿಯ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಮೇಲೆ ಟಿವಿಯಲ್ಲಿ ಹಳದಿ ಅಕ್ಷರಗಳು ಮತ್ತೆ ಬಂದವು.

“ಹೂಂ ಯವ್ವಾ,” ಅಂದಳು, “ಎಷ್ಟು ಚಂದ ಹೊಂಟಾಳ.”